ಮಾತಾಡಿಸಿ ಬರೋದು

ಒಲೆಯ ಪಕ್ಕದ ಕಟ್ಟೆಯ ಮೇಲೆ ಫೋನು ಬೆಳಗಿನಿಂದ ಟಿಣ್ ಟಿಣ್ ಎನ್ನುತ್ತಲೇ ಇತ್ತು. ಹಿಟ್ಟು ಹತ್ತಿದ ಕೈಯಲ್ಲೇ ನೋಡಿದೆ. ರಾಮದುರ್ಗದ ಗೆಳತಿ ಸುಮಿತ್ರಾಳ ಅವ್ವ ತೀರಿಕೊಂಡು ಮೂರು ವಾರವಾಯಿತು. ನಮ್ಮ ಕಾನ್ವೆಂಟ್ ಗೆಳತಿಯರ ಗುಂಪಿನಲ್ಲಿ ಮುಗಿದ ಕೈ, ಬಿಳಿ ಹೂವು, ‘ಹಾರ್ಟ್‌ಫೆಲ್ಟ್ ಸಿಂಪಥೀಸ್’ ಇನ್ನೂ ಬರುತ್ತಿವೆ. ಸುಮಿತ್ರಾಳಿಂದ ಮಾತ್ರ ಒಂದಕ್ಷರವಿಲ್ಲ.

ಸಿಂಪಥಿ ಎಂದರೆ ಇನ್ನೊಬ್ಬರ ನೋವು ನಿಮಗೂ ನೋಯುವುದು ಎಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಇಂಥ ಹೊತ್ತಿಗೆಂದೇ ಒಂದು ಇಂಗ್ಲಿಷ್ ವಾಕ್ಯ ಬಾಯಿಪಾಠ ಮಾಡಿಸಿದ್ದರು. ನನಗದು ಈಗಲೂ ಬರುತ್ತದೆ. ಆದರೆ ನಮ್ಮ ಕಡೆಗೆ ಬಂದ ಮೇಲೆ ಆ ಪದದ ಗತಿ ನೋಡಿ! ಚುನಾವಣೆಯಲ್ಲಿ ಅದು ಓಟು. ಪರೀಕ್ಷೆ ಕೈಕೊಟ್ಟ ನಾದಿನಿಯ ಮಗಳು, “ನಂಗ್ಯಾರ ಸಿಂಪಥೀನೂ ಬ್ಯಾಡ” ಎಂದು ಬಾಗಿಲು ಹಾಕಿಕೊಳ್ಳುತ್ತಾಳೆ.

ನಾನು ಬೈಲಹೊಂಗಲಕ್ಕೆ ಸೊಸೆಯಾಗಿ ಬಂದಾಗ ಅತ್ತೆಯವರ ಬಾಯಲ್ಲಿ ಇದಕ್ಕೆ ಬೇರೆಯೇ ಮಾತಿತ್ತು. “ಗಂಗಕ್ಕನ್ನ ಮಾತಾಡ್ಸಿ ಬರೂಣು, ನಡಿ” ಎಂದರು ಒಂದು ದಿನ. ಗಂಗಕ್ಕ ಮುರಗೋಡದಲ್ಲಿದ್ದ ಅವರ ಚಿಕ್ಕವ್ವನ ಮಗಳು. ಗಂಡ ಹೋಗಿ ತಿಂಗಳಾಗಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಸಿಸ್ಟರ್ ಕಲಿಸಿದ ಆ ವಾಕ್ಯವನ್ನು ಕನ್ನಡಕ್ಕೆ ಹೊಂದಿಸುತ್ತ ಕುಳಿತಿದ್ದೆ.

ಗಂಗಕ್ಕನ ಸೊಸೆ ಬಾಗಿಲಲ್ಲೇ ಅತ್ತೆಯವರ ಕೈ ಹಿಡಿದಳು. “ದೊಡ್ಡವ್ವ, ಒಂದ್ ಮಾತಿಲ್ಲ, ತುತ್ತು ಬಾಯಿಗೆ ಹಾಕವಲ್ರು. ಹಿಂಗಾದ್ರ ಇವರೂ ನಮಗ ದಕ್ಕೂದಿಲ್ಲರಿ.”

ಒಳಗೆ ಗಂಗಕ್ಕ ಕಂಬಕ್ಕೆ ಒರಗಿ ಕುಳಿತಿದ್ದರು, ಮೊದಲೇ ಸಣ್ಣ ಮೈ ಇನ್ನಷ್ಟು ಇಳಿದಿತ್ತು. ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅತ್ತೆ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ, “ನಿನ್ನ ಗಂಡ ಎಲ್ಲಾ ಛಲೋ ಇದ್ದ ಬಿಡ ಗಂಗಕ್ಕ. ಬದನಿಕಾಯಿ ಆರಿಸಾಕ ಮಾತ್ರ ಜನ್ಮದಾಗ ಬರಲಿಲ್ಲ. ಸಂತಿಗೆ ಹ್ವಾದ್ರ ಬರೇ ಹುಳಕ!” ಎಂದುಬಿಟ್ಟರು.

ನನಗೆ ನೆಲ ಬಿರಿಯಬಾರದೇ ಎನಿಸಿತು. ಗಂಗಕ್ಕ ಕತ್ತೆತ್ತಿದರು.

“ಯಾರಿಗೆ ಬರ್ತಿರಲಿಲ್ಲ?” ದನಿ ಒಡೆದಿತ್ತು. “ಬೇಕಂತನ ತರ್ತಿದ್ರವರು. ಸಂತ್ಯಾಗ ಬದನಿಕಾಯಿ ಮಾರೂ ಒಬ್ಬ ಮುದುಕಿ ಇದ್ಲು, ಸಂಜೀಮಟ ಆಕಿ ಬುಟ್ಟ್ಯಾಗ ಉಳದದ್ದು ಯಾರೂ ಮುಟ್ಟಾಂಗಿಲ್ಲ. ಬುಟ್ಟಿ ಬರಿದಾಗದ ಆಕಿ ಮನಿಗೆ ಏಳಾಂಗಿಲ್ಲ. ಅದಕ್ಕ!”

“ನೀ ಏನಂತಿದ್ದಿ?”

“ಬೈತಿದ್ನೆವಾ. ಪ್ರತಿ ಸಂತಿಗೂ ಬೈತಿದ್ದೆ. ಬೈಕೋತನ ಹುಳಕ ಕೊಯ್ದು ಒಗದು, ಉಳದದ್ದು ಪಲ್ಯ ಮಾಡ್ತಿದ್ದೆ. ಅದನ್ನ ಹೊಗಳಿ ಹೊಗಳಿ ಉಣ್ಣಾವ್ರು…” ಎನ್ನುತ್ತ ನಕ್ಕರು. ನಗು ಅಲ್ಲಿಗೇ ನಿಲ್ಲದೆ ದೊಡ್ಡ ಅಳುವಾಯಿತು. ಅತ್ತೆ ಸಮಾಧಾನ ಮಾಡಲಿಲ್ಲ, ಬರೀ ಹತ್ತಿರ ಸರಿದು ಕುಳಿತರು. ಎಷ್ಟೋ ಹೊತ್ತಿನ ಮೇಲೆ ಗಂಗಕ್ಕ ಮುಖ ಒರೆಸಿಕೊಂಡು ಸೊಸೆಯನ್ನು ಗದರಿದರು: “ಏನ್ ನೋಡ್ಕೋತ ನಿಂತಿ? ಬಂದಾವರಿಗೆ ರೊಟ್ಟಿ ಹಾಕು. ನನಗೂ ಅರ್ಧ.”

ತಿರುಗಿ ಬರುವಾಗ ಕೇಳಿದೆ, “ಅತ್ತಿ, ಆ ಮುದುಕಿ ಕಥಿ ನಿಮಗ ಗೊತ್ತಿತ್ತೇನ್ರಿ?”

“ಎಲ್ಲೀದು! ಸತ್ತ ಗಂಡನ್ನ ಬೈದ್ರ ಸುಮ್ನ ಕುಂಡ್ರು ಹೆಂಗಸು ಈ ಸೀಮ್ಯಾಗ ಇನ್ನೂ ಹುಟ್ಟಿಲ್ಲ, ತಗಿ.”

ಸಿಸ್ಟರ್ ಕಲಿಸಿದ ಅರ್ಥ ತಪ್ಪಲ್ಲ. ಆ ಹುಳುಕು ಬದನೆಕಾಯಿ ಹೊತ್ತು ತಂದ ಮನುಷ್ಯನಿಗೆ ಅದು ಪೂರಾ ಒಪ್ಪುತ್ತದೆ. ಆದರೆ ಆ ನೋವು ನಮಗೂ ತಟ್ಟಿದ ಮೇಲೆ ಯಾರ ಬಾಯಿ ತೆರೆಯಬೇಕು, ನಮ್ಮದೋ ನೊಂದವರದೋ ಎಂಬುದನ್ನು ಅವರು ಹೇಳಿರಲಿಲ್ಲ.

ಇವತ್ತು ಗುಂಪಿನಲ್ಲಿ ನಾನು ಏನೂ ಹಾಕಲಿಲ್ಲ. ಸುಮಿತ್ರಾಳಿಗೊಬ್ಬಳಿಗೇ, “ನಾಳೆ ಬರ್ತೇನಿ” ಎಂದು ಬರೆದೆ. ರೊಟ್ಟಿ ಬಡಿದು ಮುಗಿಯುವುದರೊಳಗೆ ಉತ್ತರ ಬಂತು: “ಬಾ. ಆದ್ರ ಅಳಬ್ಯಾಡ. ಬಂದಾವರೆಲ್ಲ ಅಳತಾರ, ಸಮಾಧಾನ ಮಾಡಿ ಮಾಡಿ ನನಗ ಸಾಕಾಗೇತಿ.”

ಈಗ ಕುಳಿತು ಆಕೆಯ ಅವ್ವನ ಮೇಲೆ ಹೊರಿಸಲು ಒಂದು ತಪ್ಪು ಹುಡುಕುತ್ತಿದ್ದೇನೆ. ರಜೆಯಲ್ಲಿ ಅವರ ಮನೆಗೆ ಹೋದಾಗೆಲ್ಲ ನನ್ನ ಜಡೆ ಬಿಚ್ಚಿ, ಹೇನು ತೆಗೆದು, ಬೈಯದೆ ಮತ್ತೆ ಹೆಣೆದ ಹೆಂಗಸು. ಒಂದೂ ಸಿಗವಲ್ದು. ರಾಮದುರ್ಗ ಮುಟ್ಟುವುದರೊಳಗೆ ಸಿಕ್ಕೀತು.