ಹಸಿರು ಚುಕ್ಕೆ ಇಲ್ಲದ ಕಿವಿ ಮೆಷಿನ್

ದೊಡ್ಡನೆಕ್ಕುಂದಿಯ ನಮ್ಮ ಕಾರ್ಖಾನೆಯಲ್ಲಿ, ಕಿವಿ ಮಂದವಾದವರು ಹಾಕಿಕೊಳ್ಳುವ ಮೆಷಿನ್‌ಗಳನ್ನು ಜೋಡಿಸುತ್ತಾರೆ. ಬಿಡಿಭಾಗಗಳ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಹೋದ ವರ್ಷ ಹೊರದೇಶದ ಗಿರಾಕಿಯೊಬ್ಬರು ಡಬ್ಬಿಯ ಮೇಲೆ 'ವೀಗನ್' ಎಂದು ಅಚ್ಚು ಹಾಕಿಸಿ ಕೊಡಿ ಎಂದರು. ಪ್ರಾಣಿಯಿಂದ ಬಂದದ್ದು ಒಂದು ಚೂರೂ ಇರಬಾರದು ಎಂದು ಅದರ ಅರ್ಥ. ಚರ್ಮವಿಲ್ಲ, ಉಣ್ಣೆಯಿಲ್ಲ, ಇದೇನು ಮಹಾ ಎಂದುಕೊಂಡೆ. ನನ್ನ ಪೆದ್ದುತನ.

ಭಾಗಗಳನ್ನು ಕೊಡುವವರಿಗೆಲ್ಲ ಬರೆದೆ. ಪ್ಲಾಸ್ಟಿಕ್ಕು ಅಚ್ಚಿಗೆ ಅಂಟದಿರಲೆಂದು ಅದಕ್ಕೆ ಬೆರೆಸುವ ಜಿಡ್ಡು ತಾಳೆ ಎಣ್ಣೆಯದೂ ಇರಬಹುದು, ದನದ ಕೊಬ್ಬಿನದೂ ಇರಬಹುದು ಎಂದರು ಒಬ್ಬರು. ಅಂಟಿನ ವಿಷಯ ಅಂಟಿನವರನ್ನೇ ಕೇಳಿ ಎಂದರು ಇನ್ನೊಬ್ಬರು. ಅಂಟಿನವರು ಅದು ವ್ಯಾಪಾರದ ಗುಟ್ಟು ಎಂದು ಕೈ ತೊಳೆದುಕೊಂಡರು. ಶಿವಾಜಿನಗರದಿಂದ ಬರುವ ನಮ್ಮ ಸ್ಟೋರ್ಸ್‌ನ ಹಿರಿಯರಿಗೆ ನಗು. "ನಮ್ ಮಾರ್ಕೆಟ್ಟಲ್ಲಿ ಕುರಿ ಯಾವ ಊರಿಂದು ಅಂತಾನೂ ಹೇಳ್ತಾರೆ ಮೇಡಂ. ಇದಕ್ಕೆ ಹೇಳೋರೇ ಇಲ್ವಲ್ಲ!" ಕೊನೆಗೆ ಗಿರಾಕಿಗೆ 'ಖಚಿತವಾಗಿ ಹೇಳಲಾಗದು' ಎಂದು ಬರೆದು ಸಹಿ ಹಾಕಿದೆ. ಸುಳ್ಳು ಬರೆಯಲಿಲ್ಲವೆಂಬ ಜಂಬ ಬೇರೆ.

ಆ ಜಂಬದಲ್ಲೇ, ಸಿ.ವಿ. ರಾಮನ್ ನಗರದ ಮನೆಯಲ್ಲಿ ಊಟಕ್ಕೆ ಕೂತಾಗ ಗಂಡನಿಗೆ ಎಲ್ಲವನ್ನೂ ಹೇಳಿದೆ. ಪಕ್ಕದಲ್ಲಿ ಅಮ್ಮ. ಬಿಸ್ಕತ್ ಪೊಟ್ಟಣದ ಮೇಲೂ ಸಸ್ಯಾಹಾರದ ಹಸಿರು ಚುಕ್ಕೆ ಇದೆಯೇ ಎಂದು ಕನ್ನಡಕ ಹಾಕಿಕೊಂಡು ಹುಡುಕುವವಳು. ಅವಳ ಕಿವಿಯಲ್ಲಿದ್ದದ್ದೂ ನಮ್ಮ ಕಾರ್ಖಾನೆಯದೇ. ಚೆನ್ನಾಗಿ ಕೆಲಸ ಮಾಡುತ್ತಿತ್ತು. ನನ್ನ ಒಂದು ಮಾತೂ ಅವಳಿಗೆ ತಪ್ಪಲಿಲ್ಲ.

"ಹಂಗಾದ್ರೆ ಇದರಲ್ಲೂ ದನದ ಕೊಬ್ಬು ಇರತ್ತಾ?"

"ಗೊತ್ತಿಲ್ಲಮ್ಮ. ಇದ್ರೂ ಕಣ್ಣಿಗೆ ಕಾಣದಷ್ಟು."

"ಇದನ್ನ ಹಾಕ್ಕೊಂಡೇ ಎರಡು ವರ್ಷದಿಂದ ದೇವರ ಪೂಜೆ ಮಾಡ್ತಿದೀನಲ್ಲೇ!"

ಇಲ್ಲ ಎಂದುಬಿಟ್ಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಹಾಳು ಬಾಯಿ. ಅಮ್ಮ ಮೆಷಿನ್ ತೆಗೆದು ತಟ್ಟೆಯಿಂದ ದೂರ ಇಟ್ಟಳು. ಊಟ ಅರ್ಧಕ್ಕೇ ಬಿಟ್ಟು ತಲೆಗೆ ನೀರು ಹಾಕಿಕೊಳ್ಳಲು ಹೋದಳು.

ಆಮೇಲೆ ಅದನ್ನು ಮುಟ್ಟಲಿಲ್ಲ. ಬೇರೆ ಕಂಪನಿಯದನ್ನು ತರೋಣವೆಂದರೆ ಅದರದ್ದೂ ಇದೇ ಕಥೆ. ಕೊನೆಗೆ 'ನಿನ್ನ ಮೆಷಿನ್ ಬಗ್ಗೆ ವಿಚಾರಿಸಿದೆ, ಅದರಲ್ಲಿ ಅಂಥದ್ದೇನೂ ಇಲ್ಲವಂತೆ' ಎಂದು ಚೀಟಿಯಲ್ಲಿ ಸುಳ್ಳು ಬರೆದು ತೋರಿಸಿದೆ. ಓದಿ, ಮಡಚಿ, ನನ್ನ ಕೈಗೇ ಕೊಟ್ಟಳು. ಅಲ್ಲಿಂದ ನಾನು ಚೀಟಿ ಬರೆಯುವುದನ್ನೇ ಬಿಟ್ಟೆ.

ಈಗ ಎಲ್ಲವನ್ನೂ ಕೂಗಬೇಕು. ಕಾಫಿ ಬೇಕಾ, ಮಾತ್ರೆ ತಗೊಂಡ್ಯಾ ಎಂದು ಕೂಗಬಹುದು. ಸಂಜೆ ಹೂ ಕಟ್ಟುತ್ತಾ ಕೂತು ಇಬ್ಬರೂ ಆಡಿಕೊಳ್ಳುತ್ತಿದ್ದ ಮಾತುಗಳನ್ನು ಕೂಗಲು ಬರುವುದಿಲ್ಲ. ಮನೆಯಲ್ಲಿ ಮಾತೇ ಕಡಿಮೆಯಾಗಿದೆ. ನನಗೆ ಅಳು ಬರುತ್ತದೆ.

ಮೊನ್ನೆ ಭಾನುವಾರ ತಡೆಯಲಾರದೆ ಅವಳ ಪಕ್ಕ ಕೂತು, "ತಪ್ಪಾಯ್ತಮ್ಮ, ನಾನು ಹಂಗ್ ಹೇಳ್ಬಾರ್ದಿತ್ತು" ಎಂದೆ. ಕೇಳಿಸಲಿಲ್ಲ. ಇನ್ನೂ ಜೋರಾಗಿ ಹೇಳಿದೆ. ಮೂರನೆಯ ಸಲ ಗಂಟಲು ಕಿತ್ತುಹೋಗುವಂತೆ ಕೂಗಿದಾಗ ಅಮ್ಮ ಬೆದರಿ ನನ್ನ ಮುಖ ನೋಡಿದಳು.

"ಯಾಕೇ ಬೈತೀಯಾ? ನಾನೇನ್ ಮಾಡ್ದೆ?"