ಹಂಚು ತೆಗೆಸಿದ್ದು

ಪುತ್ತೂರಿನಲ್ಲಿ ನನಗೆ ಮೂರು ಬಿಡಾರಗಳಿದ್ದವು. ಬಾಡಿಗೆಗೆಂದೇ ಯಾರೋ ಒಂದೇ ಹಂಚಿನ ಮಾಡಿನಡಿ ಕಟ್ಟಿಸಿದ್ದ ಮೂರು ಪುಟ್ಟ ಮನೆಗಳು. ನಾನಿದ್ದದ್ದು ಮುಂಬಯಿಯಲ್ಲಿ, ಆಸ್ಪತ್ರೆಯೊಂದರಲ್ಲಿ ನರ್ಸಾಗಿ. ಮದುವೆಯಾಗಿರಲಿಲ್ಲ. ಮುದುಕಿಯಾದಾಗ ಯಾರ ಅಂಗಳದಲ್ಲೂ ಕೈಚಾಚಿ ನಿಲ್ಲಬಾರದೆಂಬ ಹಟದಿಂದ, ಹೊಸ ಸೀರೆ ಕೂಡ ಕೊಳ್ಳದೆ ಉಳಿಸಿದ ಸಂಬಳದಲ್ಲಿ, ಐವತ್ತರ ದಶಕದ ಕೊನೆಗೆ ಅವನ್ನು ಕೊಂಡೆ. ನೋಡಿ ಆರಿಸಿದ್ದು ತಮ್ಮ. ಅಲ್ಲಿಯ ಅಡಿಕೆ ಮಂಡಿಯಲ್ಲಿ ಅವನು ಗುಮಾಸ್ತನಾಗಿದ್ದ. ಬಾಡಿಗೆ ಎತ್ತಿ ಕಳುಹಿಸುವುದೂ ಅವನೇ. ಅವನ ಮಕ್ಕಳ ಶಾಲೆಯ ಖರ್ಚು ನನ್ನದು.

ನಡುವಿನ ಬಿಡಾರದಲ್ಲಿ ಒಬ್ಬ ದರ್ಜಿ, ಅವನ ಹೆಂಡತಿ, ತಾಯಿ ಇದ್ದರು. ಬಾಡಿಗೆ ಒಂದು ತಿಂಗಳೂ ತಪ್ಪಿಸಿದವರಲ್ಲ. ಆದರೆ ಊರಿಗೆ ಹೊಸ ಕಚೇರಿಗಳು ಬಂದು, ದುಪ್ಪಟ್ಟು ಕೊಡುವ ನೌಕರರು ಮನೆ ಹುಡುಕತೊಡಗಿದ್ದರು. ದರ್ಜಿಯನ್ನು ಬಿಡಿಸು ಎಂದು ತಮ್ಮನಿಗೆ ಬರೆದೆ.

ಅವನ ಉತ್ತರ ಬಂತು. “ಅಕ್ಕ, ಅವರ ತಾಯಿಗೆ ದಮ್ಮು ಜೋರುಂಟು. ಮಳೆಗಾಲ ಕಳೆಯಲಿ ಅಂತ ಕೇಳ್ತಾರೆ. ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಆಗ್ತದೆ. ದೀಪಾವಳಿವರೆಗೆ ಬಿಡುವ. ನನಗೆ ಪಾಪ ಕಾಣ್ತದೆ.”

ಆ ವಾರ ನನ್ನ ವಾರ್ಡಿನಲ್ಲೂ ದಮ್ಮಿನ ಮುದುಕಿಯೊಬ್ಬಳಿದ್ದಳು. ಬೆನ್ನಿಗೆ ಮೂರು ದಿಂಬು ಕೊಟ್ಟು ಕೂರಿಸಿದೆ. ಥಂಡಿ ಗಾಳಿ ತಾಗದಂತೆ ಅವಳ ಮಂಚವನ್ನು ಕಿಟಕಿಯಿಂದ ದೂರ ಸರಿಸಿದೆ. ಅದೇ ಮಧ್ಯಾಹ್ನ ಊಟದ ಬಿಡುವಿನಲ್ಲಿ ತಮ್ಮನಿಗೆ ಬರೆದೆ: “ರಿಪೇರಿ ಎಂದು ಹೇಳಿ ನಡುವಿನ ಬಿಡಾರದ ಹಂಚು ತೆಗೆಸು. ಹೊಸ ಹಂಚು ಬಂದಿಲ್ಲ ಎನ್ನು. ಮಳೆ ಹಿಡಿದರೆ ತಾವಾಗಿ ಹೋಗುತ್ತಾರೆ. ನಿನ್ನಿಂದ ಆಗದಿದ್ದರೆ ತಿಳಿಸು, ಮಕ್ಕಳ ಖರ್ಚನ್ನೂ ನೀನೇ ನೋಡಿಕೊಳ್ಳಬಹುದು.”

ಅವನು ತೆಗೆಸಿದ. ಮಳೆ ಹಿಡಿದ ನಾಲ್ಕನೆಯ ದಿನ ಅವರು ಹೋದರು. ವಾರ ಕಳೆಯುವ ಮೊದಲೇ ಹೊಸ ಹಂಚು ಹೊದೆಸಿ, ನೌಕರರೊಬ್ಬರಿಗೆ ಬೀಗದ ಕೈ ಕೊಟ್ಟಾಯಿತು. ಮುಂಬಯಿಯಲ್ಲಿ ನಾನು ಹಾಯಾಗಿ ನಿದ್ದೆ ಮಾಡಿದೆ.

ಎರಡು ವರ್ಷದ ನಂತರ ರಜೆಯಲ್ಲಿ ಬಂದವಳು ಗುತ್ತಿಗಾರಿನಲ್ಲಿ ಒಂದು ಮದುವೆಗೆ ಹೊರಟಿದ್ದೆ. ಬಸ್ಸು ಬದಲಿಸಲು ಸುಳ್ಯದಲ್ಲಿ ಇಳಿಯುವಾಗ ರವಿಕೆಯ ತೋಳು ಹರಿಯಿತು. ಎದುರಿನ ಜಗಲಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದವನ ಬಳಿ ಹೋದೆ. ಅವನು ನನ್ನ ಮುಖವನ್ನೇ ನೋಡಿದ.

“ಪುತ್ತೂರಿನವರಾ? ಮುಂಬಯಿಯಲ್ಲಿ ನರ್ಸು?”

“ಹೌದು. ನಿಮಗೆ ಹೇಗೆ ಗೊತ್ತು?”

“ನಿಮ್ಮ ತಮ್ಮನದ್ದೇ ಮುಖ. ನಾವು ನಿಮ್ಮ ನಡುವಿನ ಬಿಡಾರದಲ್ಲಿ ಇದ್ದವರು ಅಮ್ಮ.” ಅವನು ಎದ್ದು ತನ್ನ ಸ್ಟೂಲನ್ನೇ ನನಗೆ ಕೊಟ್ಟ.

ತಾಯಿ ಹೇಗಿದ್ದಾರೆ ಎಂದು ಕೇಳಿದೆ. ಯಾಕೆ ಕೇಳಿದೆನೋ.

“ಅವರು ಹೋದರು. ಮಳೆನೀರು ಬಿದ್ದು ಚಂಡಿಯಾದ ಚಾಪೆಯಲ್ಲಿ ಮೂರು ದಿನ ಮಲಗಿದ್ದರು. ಮತ್ತೆ ದಮ್ಮು ಇಳಿಯಲೇ ಇಲ್ಲ.” ನೂಲು ಪೋಣಿಸುತ್ತ ಹೇಳಿದ. “ನಾನು ಹೇಳಿದ್ದನ್ನು ನಿಮ್ಮ ತಮ್ಮ ನಿಮಗೆ ಬರೆಯಲೇ ಇಲ್ಲ ಅಂತ ಕಾಣ್ತದೆ. ಬರೆದಿದ್ದರೆ ನೀವು ಹಾಗೆ ಆಗಲಿಕ್ಕೆ ಬಿಡ್ತಿರಲಿಲ್ಲ. ನರ್ಸಲ್ಲವಾ ನೀವು.”

ನಿಜ ಹೇಳಲು ಇಷ್ಟು ಸುಲಭದ ಅವಕಾಶ ನನಗೆ ಮತ್ತೆ ಸಿಕ್ಕಿಲ್ಲ.

“ಅವನು ಹಾಗೆಯೇ,” ಎಂದೆ. “ನನಗೆ ಒಂದನ್ನೂ ತಿಳಿಸುವುದಿಲ್ಲ.”

ಅವನು ಹೊಲಿಗೆಗೆ ದುಡ್ಡು ತೆಗೆದುಕೊಳ್ಳಲಿಲ್ಲ. ನಾನು ಮದುವೆಗೆ ಹೋಗಿ ಊಟ ಮಾಡಿದೆ. ಪಾಯಸ ಎರಡು ಸಲ ಹಾಕಿಸಿಕೊಂಡದ್ದು ಕೂಡ ನೆನಪಿದೆ.

ಮಾತು ಪುತ್ತೂರಿಗೆ ತಲುಪಲು ಹೆಚ್ಚು ದಿನ ಬೇಕಾಗಲಿಲ್ಲ. ನಾನು ಮರಳಿ ಹೊರಡುವ ಮುನ್ನಾದಿನ ತಮ್ಮ ನಾನು ಇಳಿದುಕೊಂಡಿದ್ದ ನೆಂಟರ ಮನೆಗೆ ಬಂದು ಬಾಗಿಲಲ್ಲೇ ನಿಂತ.

“ಅಕ್ಕ, ದರ್ಜಿಯ ಹತ್ತಿರ ಎಂತ ಹೇಳಿದ್ದು ನೀನು?”

“ಹೇಳಿದ್ದು ಹೇಳಿದೆ. ಬಿಡಾರ ನನ್ನ ಹೆಸರಲ್ಲಿ ಉಂಟು. ಹೆಸರು ಕೆಟ್ಟರೆ ನಾಳೆ ಬಾಡಿಗೆಗೆ ಯಾರು ಬರ್ತಾರೆ?”

“ನನಗೆ ಈ ಊರಲ್ಲೇ ಇರ್ಲಿಕ್ಕುಂಟಲ್ಲ,” ಎಂದ. ಬಿಡಾರಗಳ ಬೀಗದ ಕೈಗಳನ್ನು ಹೊಸ್ತಿಲ ಮೇಲಿಟ್ಟು ಇಳಿದು ಹೋದ. ನಾನು ಕರೆಯಲಿಲ್ಲ.

ಮುಂಬಯಿಯಿಂದಲೇ ಕಾಗದ ಬರೆದು ಬಾಡಿಗೆ ಎತ್ತಲು ಬೇರೆ ಒಬ್ಬನನ್ನು ಗೊತ್ತು ಮಾಡಿದೆ. ಅವನು ತನ್ನ ಪಾಲನ್ನು ಹಿಡಿದುಕೊಂಡು ಉಳಿದದ್ದನ್ನು ತಪ್ಪದೆ ಕಳುಹಿಸುತ್ತಿದ್ದ. ಬಾಡಿಗೆಯವರ ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಎಂದು ಒಂದು ಸಲವೂ ಬರೆಯಲಿಲ್ಲ. ನಾನೂ ಕೇಳಲಿಲ್ಲ.