ಹಂಸಾ ಬಿಟ್ಟುಕೊಡದ ಎರಡು ಅರ್ಥ

ಆ ದಿನಗಳಲ್ಲಿ ಅರಸೀಕೆರೆಯ ನಮ್ಮ ಬೀದಿಯಲ್ಲಿ ಗಡಿಯಾರ ನೋಡುವ ಅಗತ್ಯವಿರಲಿಲ್ಲ. ಜಂಕ್ಷನ್ನಿನ ಕಡೆಯಿಂದ ಕಲ್ಲಿದ್ದಲ ಹೊಗೆಯ ವಾಸನೆ ಬಂದರೆ ಬೆಳಗಿನ ಪ್ಯಾಸೆಂಜರ್ ಬಂದಿದೆ, ನಾನು ಹಾಸಿಗೆ ಸುತ್ತಿಡಬೇಕು. ಮಂಡಿಯಲ್ಲಿ ಕೊಬ್ಬರಿ ಮೂಟೆ ಬಿಚ್ಚಿದ ವಾಸನೆ ಬಂದರೆ ಎರಡು ಜಡೆಯೂ ಮುಗಿದಿರಬೇಕು. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಮನೆಯನ್ನೂ ವೇಳಾಪಟ್ಟಿಯಂತೆ ನಡೆಸುತ್ತಿದ್ದರು. ನನಗೆ ಅದು ಹಿಡಿಸಿತ್ತು. ಈಗಲೂ ಹಿಡಿಸುತ್ತದೆ.

ಎಂಟನೇ ತರಗತಿಯಲ್ಲಿ ನನ್ನನ್ನು ಲೀಡರ್ ಮಾಡಿದ್ದು ಇದೇ ಕಾರಣಕ್ಕೆ. ಇಂಗ್ಲಿಷ್ ಮಿಸ್ ನಮ್ಮೆಲ್ಲರಿಂದ ಒಂದು ಪದಪುಸ್ತಕ ಇಡಿಸಿದ್ದರು. ಪುಟಕ್ಕೆ ಮೂರು ಕಾಲಂ: ಮೊದಲು ಇಂಗ್ಲಿಷ್ ಪದ, ನಡುವೆ ಕನ್ನಡದಲ್ಲಿ ಒಂದೇ ಒಂದು ಅರ್ಥ, ಕೊನೆಗೆ ಸ್ವಂತ ವಾಕ್ಯ. ದಿನವೂ ಪ್ರಾರ್ಥನೆಯಾದ ಮೇಲೆ ಒಬ್ಬಳು ಮುಂದೆ ನಿಂತು ಅಂದಿನ ಪದವನ್ನು ಒಪ್ಪಿಸಬೇಕು. ಪುಸ್ತಕಗಳನ್ನು ನೋಡಿ ತಪ್ಪಿದವರ ಹೆಸರು ಹೇಳುವುದು ನನ್ನ ಕೆಲಸ.

ನನ್ನ ಪಕ್ಕ ಕೂರುತ್ತಿದ್ದವಳು ಹಂಸಾ. ಗುಜರಾತಿನಿಂದ ಬಂದು ಕೊಬ್ಬರಿ ವ್ಯಾಪಾರಕ್ಕಿಳಿದವರ ಮಗಳು. ಮಾತಿನ ಕನ್ನಡವನ್ನು ನಮ್ಮೊಂದಿಗೆ ಕುಂಟೆಬಿಲ್ಲೆ ಆಡುತ್ತಲೇ ಕಲಿತಿದ್ದಳು. ಬರೆಯುವುದು ಇನ್ನೂ ಕಷ್ಟವಾಗಿತ್ತು. ಆಟದಲ್ಲಿ ಗೆರೆ ತುಳಿದೆಯಾ ಎಂದು ಕೇಳಿದರೆ ನಾವೆಲ್ಲ "ಇಲ್ಲ ಕಣೇ, ದೇವ್ರಾಣೆ" ಅನ್ನುತ್ತಿದ್ದೆವು. ಅವಳು ಮಾತ್ರ "ಹೂಂ, ತುಳ್ದೆ" ಎಂದು ಬಿಲ್ಲೆ ಎತ್ತಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದಳು.

ಅವಳ ಪದಪುಸ್ತಕದ ನಡುವಿನ ಕಾಲಂ ಪೂರ್ತಿ ಗುಜರಾತಿಯಲ್ಲಿತ್ತು. ಅದನ್ನು ಮಿಸ್‌ಗೆ ತೋರಿಸಿದವಳು ನಾನೇ. ಕನ್ನಡದಲ್ಲಿ ಇರಬೇಕಿತ್ತು, ಇರಲಿಲ್ಲ, ಹೇಳಿದೆ. ಮುಂದೇನಾದೀತು ಎಂದು ಯೋಚಿಸಲಿಲ್ಲ.

"ಪುಸ್ತಕ ಸರಿಯಿಲ್ಲದವರಿಗೆ ಬೇಲೂರು-ಹಳೇಬೀಡು ಟೂರ್ ಇಲ್ಲ" ಅಂದರು ಮಿಸ್.

"ಹಾಗಾದ್ರೆ ನಾನು ಬರೋ ಹಾಗಿಲ್ವಾ ಮಿಸ್?" ಎಂದಳು ಹಂಸಾ.

"ನೋಡೋಣ."

ಹಂಸಾ ಟೂರಿಗೆಂದೇ ಹೊಸ ರಿಬ್ಬನ್ ಎತ್ತಿಟ್ಟಿದ್ದಳು. ಹಳೇಬೀಡಿನ ಕೆರೆ ಎಷ್ಟು ದೊಡ್ಡದು ಎಂದು ನನ್ನನ್ನು ದಿನಾ ಕೇಳುತ್ತಿದ್ದಳು. ಸೋಮವಾರ ಮತ್ತೆ ಮಿಸ್ ಹತ್ತಿರ ಹೋದಳು. ನೋಡೋಣ. ಬುಧವಾರ ಹೋದಳು. ನೋಡೋಣ.

"ನೋಡೋಣ ಅಂದ್ರೆ ಹೂಂ ಅಂತಾನಾ, ಇಲ್ಲ ಅಂತಾನಾ?" ಎಂದು ನನ್ನನ್ನು ಕೇಳಿದಳು.

"ನಮ್ಮಪ್ಪ ಅಂದ್ರೆ ಇಲ್ಲ ಅಂತ. ನಮ್ಮಮ್ಮ ಅಂದ್ರೆ ಹೂಂ ಅಂತ. ಮಿಸ್ ಅಂದ್ರೆ ನಂಗೇನ್ ಗೊತ್ತು?"

ಟೂರಿನ ಹಿಂದಿನ ದಿನ ಪದ ಒಪ್ಪಿಸುವ ಸರದಿ ಅವಳದಾಗಿತ್ತು. ಮಿಸ್ ಕೊಟ್ಟಿದ್ದ ಪದ 'ಆ್ಯಂಬಿಗ್ಯುಯಿಟಿ'. ಅದಕ್ಕೂ ಹಿಂದಿನ ಸಂಜೆ ಅವಳ ಮನೆಗೆ ಹೋದೆ. ಒಲೆಯ ಮೇಲೆ ಮೆಂತ್ಯಸೊಪ್ಪಿನ ರೊಟ್ಟಿ, ಅವರ ಮಾತಿನಲ್ಲಿ ಥೇಪ್ಲಾ, ಬೇಯುತ್ತಿತ್ತು. 'ಬಾ' ಎಂದು ಅವಳು ಕರೆಯುತ್ತಿದ್ದ ಅಜ್ಜಿ ಕೈ ತೊಳೆದು, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಇಂಗ್ಲಿಷ್-ಗುಜರಾತಿ ನಿಘಂಟು ಬಿಚ್ಚಿದರು. ಅಲ್ಲಿದ್ದ ಎರಡು ಅರ್ಥಗಳನ್ನು ಹಂಸಾ ಓದಿದಳು: ಅಸ್ಪಷ್ಟತಾ, ಸಂದಿಗ್ಧತಾ.

"ಅಯ್ಯೋ, ನಮ್ಮಲ್ಲೂ ಇವೇ! ಕೊನೇಲಿ 'ತೆ' ಅಂತೀವಿ, ಅಷ್ಟೇ" ಎಂದೆ. ಅಜ್ಜಿ ನನ್ನ ಗಲ್ಲ ಹಿಂಡಿ ನಕ್ಕರು. ಒಂದೂವರೆ ವರ್ಷ ಪಕ್ಕದಲ್ಲೇ ಕೂತು, ಆ ಕಾಲಮ್ಮಿನಲ್ಲಿ ಏನಿದೆ ಎಂದು ಒಮ್ಮೆಯೂ ಓದಿಸಿಕೊಂಡು ಕೇಳದವಳು ನಾನು.

"ಒಂದೇ ಹೇಳು, ರೂಲ್ಸ್ ಹಾಗಿದೆ" ಎಂದೆ.

"ಎರಡೂ ಬೇರೆ ಬೇರೆ ಕಣೇ. ಯಾವ್ದು ಬಿಡ್ಲಿ?"

ಮರುದಿನ ಅವಳು ಎರಡನ್ನೂ ಹೇಳಿದಳು, ಗುಜರಾತಿಯಲ್ಲೂ ಕನ್ನಡದಲ್ಲೂ.

"ಒಂದು ಸಾಕು" ಅಂದರು ಮಿಸ್.

"ಸಾಲಲ್ಲ ಮಿಸ್. ಅಸ್ಪಷ್ಟತೆ ಅಂದ್ರೆ ಮಂಜಲ್ಲಿ ರೈಲು ಬಂದ ಹಾಗೆ, ಸರಿಯಾಗಿ ಕಾಣ್ಸಲ್ಲ. ಸಂದಿಗ್ಧತೆ ಅಂದ್ರೆ ಎರಡು ದಾರಿ ಚೆನ್ನಾಗ್ ಕಾಣ್ಸುತ್ತೆ, ಯಾವ್ದು ಅಂತ ಗೊತ್ತಾಗಲ್ಲ."

"ವಾಕ್ಯ ಹೇಳು."

ಹಂಸಾ ಕೈ ಕಟ್ಟಿ ನೆಟ್ಟಗೆ ನಿಂತಳು. "ದೇರ್ ಈಸ್ ಆ್ಯಂಬಿಗ್ಯುಯಿಟಿ ಇನ್ ಅವರ್ ಮಿಸ್ಸಸ್ ನೋಡೋಣ."

ನಮ್ಮ ಮಿಸ್ ಹೇಳುವ 'ನೋಡೋಣ'ದಲ್ಲಿ ಸಂದಿಗ್ಧತೆಯಿದೆ. ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಿಸ್ ಮುಖ ಕೆಂಪಾಯಿತು.

"ಲೀಡರ್, ಟೂರಿಗೆ ಬರದವರು ಅಂತ ಬೋರ್ಡ್ ಮೇಲೆ ಇವಳ ಹೆಸರು ಬರಿ."

ಬರೆದೆ. ಸೀಮೆಸುಣ್ಣ ಕೆಳಗಿಡಲು ಕೈ ಬರಲಿಲ್ಲ. ಅವಳ ಹೆಸರಿನ ಕೆಳಗೆ ನನ್ನ ಹೆಸರನ್ನೂ ಬರೆದೆ.

"ನಿಂದ್ಯಾಕೆ?"

"ನಂಗೂ ಹಾಗೇ ಅನ್ಸಿತ್ತು ಮಿಸ್. ನಾನು ಹೇಳಿರ್ಲಿಲ್ಲ."

ಮಾರನೆಯ ಬೆಳಿಗ್ಗೆ ಟೂರಿನ ಬಸ್ಸು ನಮ್ಮಿಬ್ಬರನ್ನು ಬಿಟ್ಟು ಹೋಯಿತು. ಅಮ್ಮ ಕಟ್ಟಿಟ್ಟಿದ್ದ ಪುಳಿಯೋಗರೆಯನ್ನು ಹಂಸಾಳ ಹಿತ್ತಲಿನಲ್ಲಿ ಥೇಪ್ಲಾ ಜೊತೆ ತಿಂದೆವು. ಹೊಸ ರಿಬ್ಬನ್ ಕಟ್ಟಿಕೊಂಡೇ ಅವಳು ಕುಂಟೆಬಿಲ್ಲೆ ಆಡಿದಳು. ಅಪ್ಪ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಲೀಡರ್ ಪಟ್ಟವೂ ಹೋಯಿತು. ನಾನು ಮಿಸ್ ಹತ್ತಿರ ಕ್ಷಮೆ ಕೇಳಲಿಲ್ಲ; ಇಷ್ಟು ವರ್ಷವಾದ ಮೇಲೂ ಕೇಳಬೇಕೆನಿಸಿಲ್ಲ.

ಮುಂದಿನ ಬೇಸಿಗೆಯಲ್ಲಿ ಹಂಸಾಳ ಮನೆಯವರು ಊರು ಬಿಟ್ಟರು. ಪ್ಲಾಟ್‌ಫಾರ್ಮಿನಲ್ಲಿ ಕೇಳಿದೆ, "ಮತ್ತೆ ಅರಸೀಕೆರೆಗೆ ಬರ್ತೀಯೇನೇ?"

"ನೋಡೋ..." ಎಂದು ಶುರು ಮಾಡಿ ನಿಲ್ಲಿಸಿದಳು. ನನ್ನ ಮುಖ ನೋಡಿದಳು. "ಇಲ್ಲ ಕಣೇ. ಬರಲ್ಲ" ಅಂದಳು.

ಬರಲೂ ಇಲ್ಲ. ಹಳೇಬೀಡಿಗೆ ನಾನು ಆಮೇಲೆ ಎಷ್ಟೋ ಸಲ ಹೋಗಿದ್ದೇನೆ. ಕೆರೆ ಎಷ್ಟು ದೊಡ್ಡದೆಂದು ಕೇಳುತ್ತಿದ್ದವಳು ಪಕ್ಕದಲ್ಲಿಲ್ಲ. ಈಗ ಮೊಬೈಲಿನಲ್ಲಿ ಪದ ಒತ್ತಿದರೆ ಗುಜರಾತಿ ಅರ್ಥ ಕ್ಷಣದಲ್ಲಿ ಬರುತ್ತದೆ. ಬರಲಿ. ಮಗ, ಸೊಸೆ, ಬ್ಯಾಂಕಿನವರು, ಡಾಕ್ಟರು, ಏನು ಕೇಳಿದರೂ ಎಲ್ಲರೂ ನನಗೆ ಹೇಳುವುದು ನೋಡೋಣ ಎಂದೇ. ಹೂಂ ಅನ್ನಿ, ಇಲ್ಲ ಅನ್ನಿ ಎಂದು ಹಿಡಿದು, ಉತ್ತರ ಸಿಗುವವರೆಗೆ ನಾನು ಕೂತಲ್ಲಿಂದ ಏಳುವುದಿಲ್ಲ. ಅಷ್ಟು ನೇರವಾದ "ಇಲ್ಲ ಕಣೇ" ಮಾತ್ರ ಆ ಪ್ಲಾಟ್‌ಫಾರ್ಮಿನ ನಂತರ ಯಾರ ಬಾಯಿಂದಲೂ ಕೇಳಿಲ್ಲ.